ಮಸ್ಟಾಂಗ್ ಕಾರಿನ ಎಡ ದೀಪ

1983 ಫೆಬ್ರವರಿ 7, ಸೋಮವಾರ

ವಿಮಲನಾಥರ ಮಸ್ಟಾಂಗ್ ಕಾರು ಕೊಯಮತ್ತೂರಿಗೆ ಮಾರಾಟವಾಗಲಿದೆ. ಹೇಳಿದ್ದು ಅವರ ಮಗ ದೇವೇಂದ್ರ, ಇಂದು ಬೆಳಿಗ್ಗೆ ಒಂಬತ್ತಕ್ಕೆ, ನಮ್ಮೂರು ಪನಮರಂನ ಬಸ್ ನಿಲ್ದಾಣದ ಎದುರು. ಕೊಳ್ಳುವವರು ಹಳೆಯ ಅಮೆರಿಕನ್ ಕಾರುಗಳನ್ನು ಸಂಗ್ರಹಿಸುವ ಒಬ್ಬ ಗಿರಣಿ ಮಾಲೀಕರು. ಕಾರಿನ ನಂಬರು ಅಸಲಿಯೇ, ಎಂಜಿನ್ ಅದರದ್ದೇ, ಎಲ್ಲಾದರೂ ಪೆಟ್ಟು ಬಿದ್ದಿತ್ತೇ, ಯಾವ ಭಾಗವನ್ನು ಯಾರು ಯಾವಾಗ ರಿಪೇರಿ ಮಾಡಿದರು ಎಂಬ ಲಿಖಿತ ವರದಿ ಅವರಿಗೆ ಬೇಕು. ಆ ಕೆಲಸ ನನಗೆ ಬಂದಿದೆ.

ವಿಮಾ ಕಂಪನಿಗೆ ಅಪಘಾತದ ವಾಹನಗಳನ್ನು ನೋಡಿ ವರದಿ ಬರೆಯಲು ತೊಡಗಿ ಹದಿನಾರು ವರ್ಷವಾಯಿತು. ಮಲಯಾಳ ಪತ್ರಿಕೆಗೆ ಈ ಭಾಗದ ಸುದ್ದಿ ಕಳುಹಿಸಲು ತೊಡಗಿ ಹದಿಮೂರು. ಎರಡರಲ್ಲೂ ಇವತ್ತಿನವರೆಗೆ ತಿದ್ದುಪಡಿ ಹಾಕಿಸಿಕೊಂಡವನಲ್ಲ. ಸರಿಯಾದ ಮನುಷ್ಯನನ್ನು ಒಮ್ಮೆ ಕೇಳಿದರೆ ಸಾಕು, ಎರಡನೇ ಸಲ ಕೇಳುವ ಅಗತ್ಯ ಬೀಳುವುದಿಲ್ಲ.

"ವೃಷಭಣ್ಣ, ನೀವು ಬರೆದ್ರೆ ಮುಗೀತು. ಮಳೆ ಅಂತ ನೀವು ಬರೆದ್ರೆ ಪನಮರಂನಲ್ಲಿ ಬಿಸಿಲಲ್ಲೂ ಕೊಡೆ ತೆಗೀತಾರೆ" ಎಂದ ದೇವೇಂದ್ರ.

ಸೂರ್ಯಾಸ್ತಕ್ಕೆ ಮೊದಲು ಊಟವಾಯಿತು. ಹೆಂಡತಿ ಸುಮತಿ ಹುರುಳಿ ಸಾರು ಮಾಡಿದ್ದಳು.

ಫೆಬ್ರವರಿ 9, ಬುಧವಾರ

ಕಾರಿನ ನಂಬರು ಅಸಲಿ. ನೋಡಿದ್ದು ನಾನೇ. ಎಡ ಮುಂಚಕ್ರದ ಮೇಲಿನ ಒಳತಗಡಿನಲ್ಲಿ ಒತ್ತಿದ ನಂಬರು, ಬಾಗಿಲಿನ ತಗಡಿನ ನಂಬರು ಎರಡೂ ಒಂದೇ. ಮೊದಲ ಅಂಕಿ ಏಳು, ಅಂದರೆ ಅರವತ್ತೇಳರ ಮಾದರಿ. ಐದನೆಯ ಅಕ್ಷರ ಎಂಟು ಸಿಲಿಂಡರ್ ಎಂಜಿನನ್ನು ಸೂಚಿಸುತ್ತದೆ. ಬಾನೆಟ್ ಎತ್ತಿದರೆ ಇರುವುದೂ ಅದೇ. ಮೀಟರ್ ತೋರಿಸಿದ್ದು 11,846 ಮೈಲಿ. ಸ್ಟಿಯರಿಂಗ್ ಎಡಗಡೆ.

ಇತಿಹಾಸ ದೇವೇಂದ್ರ ಹೇಳಿದಂತೆ: ಮದರಾಸು ಬಂದರಿನಲ್ಲಿದ್ದ ಅಮೆರಿಕನ್ ಎಂಜಿನಿಯರ್ ತಂದದ್ದು, 1969ರಲ್ಲಿ ವಿಮಲನಾಥರು ಕೊಂಡದ್ದು. ಎರಡು ವರ್ಷ ಓಡಿಸಿ ಶೆಡ್ಡಿಗೆ ಹಾಕಿದರು. ಆಮೇಲೆ ಹೊರಗೆ ತೆಗೆಯಲಿಲ್ಲ. ವಿಮಲನಾಥರು 1979ರಲ್ಲಿ ತೀರಿಕೊಂಡರು.

"ಅಪ್ಪ ಸೂರ್ಯ ಮುಳುಗಿದ ಮೇಲೆ ಸ್ಟಿಯರಿಂಗ್ ಮುಟ್ಟಿದವರೇ ಅಲ್ಲ. ದೀಪಕ್ಕೆ ಹುಳ ಬಂದು ಬಡಿಯುತ್ತಲ್ಲ, ಅದಕ್ಕೆ. ಗಾಜು ನೋಡಿ, ಹೊಸ ಮದುಮಗಳ ಕಣ್ಣಿನ ಹಾಗಿದೆ. ದೀಪ ಉರಿದದ್ದು ಕಂಪನಿಯವರು ಒಮ್ಮೆ ಹಚ್ಚಿ ನೋಡಿದಾಗ ಮಾತ್ರ."

ನಮ್ಮ ಜೈನರಲ್ಲಿ ಸಂಜೆಯ ಮೇಲೆ ಉಣ್ಣದವರು ಇನ್ನೂ ಹಲವರಿದ್ದಾರೆ, ನಾನೂ ಒಬ್ಬ. ಗಾಡಿ ಓಡಿಸದವರು ವಿಮಲನಾಥರೊಬ್ಬರೇ. ಬಸದಿಯಲ್ಲಿ ಇದನ್ನು ಎಲ್ಲರೂ ಹೇಳುತ್ತಿದ್ದರು.

ಫೆಬ್ರವರಿ 10, ಗುರುವಾರ

ಎಡ ದೀಪ ಅಂಬಾಸಿಡರ್ ಕಾರಿನದು.

ಬಲ ದೀಪದ ಗಾಜಿನ ಮೇಲೆ ಅಮೆರಿಕನ್ ಕಂಪನಿಯ ಅಚ್ಚು, ಎಡದ್ದರ ಮೇಲೆ ಮದರಾಸಿನ ಅಚ್ಚು. ಎರಡೂ ಏಳು ಇಂಚು. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ದೀಪ ಕಳಚಿ ಟಾರ್ಚ್ ಹಾಕಿದೆ. ಒಳತಗಡಿನಲ್ಲಿ ಕಾರ್ಖಾನೆಯ ಬೆಸುಗೆ ಇಲ್ಲ. ಅದು ಸಮದೂರದ ಸಣ್ಣ ಗುಳಿಗಳಾಗಿರುತ್ತದೆ. ಇಲ್ಲಿರುವುದು ಗ್ಯಾಸ್ ಬೆಸುಗೆ, ಉಬ್ಬಿದ ಗೆರೆ. ನಂಬರು ಇರುವ ಅಂಗೈಯಗಲದ ತುಂಡು ಮಾತ್ರ ಹಳೆಯ ತಗಡು. ಅದನ್ನು ಕತ್ತರಿಸಿ ತೆಗೆದು, ಎಣ್ಣೆ ಡ್ರಮ್ಮಿನ ತಗಡಿನಿಂದ ಮಾಡಿದ ಹೊಸ ಒಳಮೈಗೆ ಕೂರಿಸಿದ್ದಾರೆ. ಹೊರಗಿನ ಮಡ್‌ಗಾರ್ಡಿನ ಮೇಲೆ ಅಯಸ್ಕಾಂತ ಎರಡು ಕಡೆ ಹಿಡಿಯಲಿಲ್ಲ. ಒಳಗೆ ಸೀಸ ತುಂಬಿದೆ.

ಅಂದರೆ ನಂಬರು ಅಸಲಿ, ಅದರ ಸುತ್ತಲಿನದು ಅಲ್ಲ. ನಿನ್ನೆಯ ಟಿಪ್ಪಣಿ ತಪ್ಪು. ಹದಿನಾರು ವರ್ಷದಲ್ಲಿ ಮೊದಲ ಸಲ ಒಂದು ಸಾಲು ಹೊಡೆದುಹಾಕಿದೆ.

ಹಗಲಲ್ಲಿ, ಉರಿಸದ ದೀಪ ಯಾಕೆ ಒಡೆಯಿತು?

ಫೆಬ್ರವರಿ 13, ಭಾನುವಾರ

ವಿಮಲನಾಥರು ಕಾರು ಓಡಿಸಿದ ಪ್ರತಿ ದಿನದ ಲೆಕ್ಕ ಇಟ್ಟಿದ್ದರು. ತಿಳಿಸಿದವರು ಅವರ ಹೆಂಡತಿ ಜಿನಮತಿ. ಸುಮತಿಗೆ ಅವರು ದೊಡ್ಡಮ್ಮ. ಕಂಚಿನ ಪೆಟ್ಟಿಗೆಯಿಂದ ಕೆಂಪು ರಟ್ಟಿನ ಪುಸ್ತಕ ತೆಗೆದುಕೊಟ್ಟರು. ಹೊರಟ ಸಮಯ, ತಲುಪಿದ ಸಮಯ, ಮೈಲಿ, ಅದರ ಕೆಳಗೆ ದಾರಿಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಜೀವಗಳು ಮತ್ತು ಅದಕ್ಕೆ ಮಾಡಿದ ಪ್ರಾಯಶ್ಚಿತ್ತ.

ಎಡ ಮಡ್‌ಗಾರ್ಡಿನ ಬಗ್ಗೆ ದೇವೇಂದ್ರನನ್ನು ಕೇಳಿದ್ದೆ. ಅದಕ್ಕೇ ಅವನು ಪುಸ್ತಕ ಕೊಡಿಸಿದ್ದು.

"ಒಮ್ಮೆ ಜಿಂಕೆಗೆ ಬಡಿದಿತ್ತು. ಅಷ್ಟಕ್ಕೇ ಅಪ್ಪ ಎಂಟು ದಿನ ಉಪವಾಸ ಮಾಡಿ ಕಾರನ್ನೇ ಬಿಟ್ಟರು. ಇದನ್ನೂ ವರದಿಯಲ್ಲಿ ಹಾಕಿ. ಇಂಥ ಮಾಲೀಕನ ಗಾಡಿ ಇಂಡಿಯಾದಲ್ಲಿ ಬೇರೆ ಎಲ್ಲಿದೆ ಹೇಳಿ."

ಜಿನಮತಿ ಪುಸ್ತಕ ಕೊಡುವಾಗ ಬಟ್ಟೆಯಲ್ಲಿ ಸುತ್ತಿದ್ದನ್ನು ಬಿಚ್ಚಿ, ಮತ್ತೆ ಸುತ್ತಿ, ಮತ್ತೆ ಬಿಚ್ಚಿದರು.

ಫೆಬ್ರವರಿ 14, ಸೋಮವಾರ

ಪುಸ್ತಕ ಪೂರ್ತಿ ಓದಿದೆ. ಅಕ್ಷರ ಮುತ್ತಿನಂತಿದೆ. ಇಲ್ಲಿ ಕೆಲವನ್ನು ಇದ್ದಂತೆ ಬರೆದುಕೊಳ್ಳುತ್ತೇನೆ.

"ಗೇಟಿನ ಬಳಿ ಇರುವೆಗಳ ಸಾಲು. ಮೂರು ಇಂದ್ರಿಯದ ಜೀವ. ಒಂದು ಹೊತ್ತು ಊಟ ಬಿಟ್ಟೆ."

"ಹಳದಿ ಚಿಟ್ಟೆ. ನಾಲ್ಕು ಇಂದ್ರಿಯ. ಒಂದು ಹೊತ್ತು, ಮತ್ತು ಬೆಲ್ಲ ಮೂರು ದಿನ."

"ಅಂಚೆ ಕಚೇರಿಯ ತಿರುವಿನಲ್ಲಿ ನಾಯಿ, ಕಂದು, ಹೆಣ್ಣು. ಪಂಚೇಂದ್ರಿಯ. ಎರಡು ಉಪವಾಸ."

"ಮೊಲ. ಪಂಚೇಂದ್ರಿಯ. ಎರಡು ಉಪವಾಸ."

ಕೊನೆಯದು 1971 ನವೆಂಬರ್ 18, ಗುರುವಾರ: "ತಿರುನೆಲ್ಲಿ ದಾರಿಯ ಗದ್ದೆಯಿಂದ ಹೊರಟದ್ದು 5.25. ಪಂಚೇಂದ್ರಿಯ ಜೀವ. ಎಂಟು ಉಪವಾಸ. ಇನ್ನು ಗಾಡಿ ನಡೆಸುವುದಿಲ್ಲ."

ತಲುಪಿದ ಸಮಯ ಇಲ್ಲ. ನಾಯಿಗೆ ಬಣ್ಣ ಬರೆದಿದ್ದಾರೆ, ಹೆಣ್ಣೆಂದೂ ಬರೆದಿದ್ದಾರೆ. ಮೊಲಕ್ಕೆ ಮೊಲವೆಂದಿದ್ದಾರೆ. ಜಿಂಕೆಯಾಗಿದ್ದರೆ ಜಿಂಕೆಯೆಂದೇ ಬರೆಯುತ್ತಿದ್ದರು. ಅದರ ಮುಂದಿನ ನೂರಹತ್ತು ಪುಟ ಖಾಲಿ.

ಆ ಗದ್ದೆಯಿಂದ ಮನೆಗೆ ಇಪ್ಪತ್ತು ಮೈಲಿ. ಬೇರೆ ದಿನಗಳಲ್ಲಿ 4.45ರ ಸುಮಾರಿಗೆ ಹೊರಟು 5.50ಕ್ಕೆ ತಲುಪಿದ್ದಾರೆ. ಒಂದು ಗಂಟೆ ಐದು ನಿಮಿಷ. ನವೆಂಬರ್ 18ರಂದು ಸೂರ್ಯಾಸ್ತ ಆರಕ್ಕೆ. ಮೂವತ್ತೈದು ನಿಮಿಷದಲ್ಲಿ ಇಪ್ಪತ್ತು ಮೈಲಿ ಹೋಗಬೇಕಿತ್ತು.

ಓದುತ್ತಾ ಹೊತ್ತಾಯಿತು. ಹಾಲು ಕುಡಿದು ಮಲಗಿದೆ. ಆಗ ಸಮಯ ಎಷ್ಟೆಂದು ನೋಡಲಿಲ್ಲ.

ಫೆಬ್ರವರಿ 16, ಬುಧವಾರ

ವರದಿ ಈ ತಿಂಗಳ 28ರೊಳಗೆ ಕೊಡಬೇಕು. ತಿಳಿಸಿದವರು ಕೊಳ್ಳುವವರ ಪ್ರತಿನಿಧಿ ಬಾಲಕೃಷ್ಣನ್. ಬಿಳಿ ಚಪ್ಪಲಿ ಹಾಕಿ ಬಂದಿದ್ದಾರೆ. ಶೆಡ್ಡಿನ ಧೂಳಿಗೆ ಹೆದರಿ ಹೆಜ್ಜೆಯನ್ನು ಬೆಕ್ಕಿನಂತೆ ಎತ್ತಿಡುತ್ತಿದ್ದರು.

ಎಡ ಒಳತಗಡಿನ ವಿಷಯ ಹೇಳಿದೆ. "ಸಣ್ಣ ರಿಪೇರಿ ಅಂತ ಬರೀರಿ. ದೊಡ್ಡದು ಅಂತಾದ್ರೆ ಯಾರು ಮಾಡಿದ್ದು, ಯಾಕೆ ಮಾಡಿದ್ದು, ಎಲ್ಲಾ ಬೇಕಾಗುತ್ತೆ. ನಮ್ಮ ಸಾಹೇಬರಿಗೆ ಕಾರಿನ ಕಥೆ ಅಂದ್ರೆ ಪ್ರಾಣ" ಎಂದರು.

"ಹಾಗಾದರೆ ಕಥೆ ವಿಚಾರಿಸಿ ಬರೆಯುತ್ತೇನೆ" ಎಂದೆ.

"ಒಳ್ಳೆ ಕಥೆ ಸಾರ್, ಒಳ್ಳೆ ಕಥೆ" ಎಂದು ನಕ್ಕರು.

ಫೆಬ್ರವರಿ 18, ಶುಕ್ರವಾರ

ಕಾರನ್ನು ರಿಪೇರಿ ಮಾಡಿದ್ದು ಮೀನಂಗಡಿ ಊರಿನ ರಾಜನ್, 1971 ನವೆಂಬರ್ 20ರಿಂದ 27ರವರೆಗೆ. ತಿಳಿಸಿದವನು ಅವನೇ. ಹೆದ್ದಾರಿಯ ಪಕ್ಕದಲ್ಲಿ ಈಗಲೂ ಅದೇ ವರ್ಕ್‌ಷಾಪ್. ಡ್ರಮ್ಮಿನ ತಗಡಿನ ಬೆಸುಗೆ ಎಂದ ಕೂಡಲೇ ಯಾವ ಕಾರೆಂದು ಅವನೇ ಹೇಳಿದ.

"ಒಳ್ಳೆ ಬೆಸುಗೆ ಅಲ್ವಾ ಸಾರೇ? ಹನ್ನೊಂದು ವರ್ಷದಲ್ಲಿ ಕಂಡುಹಿಡಿದವರು ನೀವೊಬ್ಬರೇ."

"ಏನಕ್ಕೆ ಬಡಿದಿತ್ತು?"

"ಜಿಂಕೆ ಅಂದರು ಮುದಲಾಳಿ, ವಿಮಲನಾಥರು."

"ನೀನೇನು ಅಂತೀಯ?"

ಸ್ವಲ್ಪ ಹೊತ್ತು ಸ್ಪ್ಯಾನರ್ ಒರೆಸಿದ. "ತೊಳೆದು ತಂದಿದ್ದರು. ತೊಳೆದದ್ದೇ ನನಗೆ ಸರಿ ಕಾಣಲಿಲ್ಲ. ಜಿಂಕೆಗೆ ಬಡಿದವರು ಯಾರು ಸಾರೇ ವಂಡಿ ತೊಳೆಯೋದು? ಆಮೇಲೆ ದೀಪದ ಗೂಡು ಬಿಚ್ಚಿದೆ. ಒಳಗೆ ಒಂದು ತಗಡಿನ ಡಬ್ಬ ನಜ್ಜುಗುಜ್ಜಾಗಿ ಸಿಕ್ಕಿಕೊಂಡಿತ್ತು. ಸೀಮೆಎಣ್ಣೆ ಡಬ್ಬ, ಬಾಯಿಗೆ ಹೊಸ ತಂತಿಯ ಹಿಡಿ. ಗದ್ದೆ ಕಾವಲಿನವರು ಆನೆ ಓಡಿಸೋಕೆ ಬಡಿಯೋದು. ಜಿಂಕೆ ಡಬ್ಬ ಹಿಡ್ಕೊಂಡು ಹೋಗುತ್ತಾ?"

"ಡಬ್ಬ ಎಲ್ಲಿ?"

"ಬಡಿದು ಸರಿಮಾಡಿ ಹಳೇ ಎಣ್ಣೆ ಹಾಕಿಟ್ಟಿದ್ದೆ. ತುಕ್ಕು ಹಿಡಿದು ಹೋಯ್ತು." ಆಮೇಲೆ ತಲೆ ಎತ್ತಿದ. "ನನ್ನ ಹೆಸರು ಎಲ್ಲೂ ಬೇಡ. ಕೇಳಿದರೆ ನಾನು ಈ ಕಾರೇ ಕಂಡಿಲ್ಲ ಅಂತೀನಿ. ಹೆಣ್ಣುಮಕ್ಕಳಿದ್ದಾರೆ ಸಾರೇ."

ಫೆಬ್ರವರಿ 19, ಶನಿವಾರ

ಕಾಡಾನೆ ತುಳಿದು ಆದಿವಾಸಿ ಸಾವು. ವರದಿ ಮಾಡಿದವನು ನಾನು. 1971 ನವೆಂಬರ್ 20ರ ಪತ್ರಿಕೆ, ಐದನೇ ಪುಟ, ಎರಡನೇ ಕಾಲಂ. ಕತ್ತರಿಸಿ ಅಂಟಿಸಿಟ್ಟದ್ದು ಈಗಲೂ ಇದೆ. ಮಲಯಾಳದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ:

"ತಿರುನೆಲ್ಲಿ ರಸ್ತೆಯ ಬದಿಯ ಗದ್ದೆಯಲ್ಲಿ ಗುರುವಾರ ರಾತ್ರಿ ಕಾಡಾನೆ ತುಳಿದು ಆದಿವಾಸಿ ಕೂಲಿಯೊಬ್ಬ ಮೃತಪಟ್ಟಿದ್ದಾನೆ. ಕಾವಲಿಗಿದ್ದವನು ನಿದ್ದೆ ಹೋಗಿದ್ದನೆಂದೂ ಡಬ್ಬ ಬಡಿಯಲಿಲ್ಲವೆಂದೂ ಗದ್ದೆಯ ಮಾಲೀಕ ವಿಮಲನಾಥ ತಿಳಿಸಿದ್ದಾರೆ."

ಹೆಸರಿಲ್ಲ. ನಾನು ಕೇಳಿರಲಿಲ್ಲ.

ಫೆಬ್ರವರಿ 22, ಮಂಗಳವಾರ

ಸತ್ತವನ ಹೆಸರು ಚಾತನ್. ತಿಳಿಸಿದವಳು ಅವನ ಹೆಂಡತಿ ಚೀರು. ಮಾನಂತವಾಡಿಯಿಂದ ತಿರುನೆಲ್ಲಿ ಬಸ್ಸಿನಲ್ಲಿ ಹೋಗಿ, ಇಳಿದ ಮೇಲೆ ಎರಡು ಮೈಲಿ ನಡೆದೆ. ಕಾಟ್ಟುನಾಯ್ಕರ ಹಾಡಿ. ಹನ್ನೆರಡು ಮನೆ. ಅವರ ಮಾತು ನಮ್ಮ ಕನ್ನಡಕ್ಕೆ ಇಷ್ಟು ಹತ್ತಿರವೆಂದು ನನಗೆ ಗೊತ್ತಿರಲಿಲ್ಲ. ಇದುವರೆಗೆ ಅವರ ಜೊತೆ ಮಲಯಾಳದಲ್ಲೇ ಮಾತಾಡಿದ್ದೆ.

ಯಾರೆಂದು ಹೇಳಿದೆ. ಗೆಣಸು ಸುಲಿಯುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಓ, ಪೇಪರ್ ಸಾರು. ಹೆಸರು ಕೇಳಕ್ಕೆ ಹನ್ನೊಂದು ಕೊಲ್ಲ, ಹನ್ನೊಂದು ವರ್ಷ ಬೇಕಾಯ್ತಾ? ದಾರಿ ಅಷ್ಟು ದೂರ ಉಂಟಾ?"

ಜೇಬಿನಿಂದ ಪೆನ್ನು ತೆಗೆದೆ.

"ಬರ್ಕೋ. ಚಾತನ್. ತಪ್ಪು ಬರೀಬೇಡ. ಆನೆ ಅಂತ ಬರೆದೆಯಲ್ಲ, ಹಾಗೆ ಬರೀಬೇಡ."

ಅವಳು ಹೇಳಿದ್ದು: ಅಂದು ಕೊಯ್ದಷ್ಟು ನೆಲ್ಲು ಅಳೆಯುವುದು ತಡವಾಯಿತು. ಅಳತೆ ಮುಗಿಯುವವರೆಗೆ ವಿಮಲನಾಥರು ಮತ್ತೆ ಮತ್ತೆ ಸೂರ್ಯನನ್ನು ನೋಡುತ್ತಿದ್ದರು. ಕಾವಲಿನ ಡಬ್ಬದ ಹಿಡಿ ಕಿತ್ತುಹೋಗಿತ್ತು. ಚಾತನ್ ಅದಕ್ಕೆ ಹಾಡಿಯಲ್ಲಿ ಹೊಸ ತಂತಿ ಕಟ್ಟಿ, ಬೆಳಕಿರುವಾಗಲೇ ಗದ್ದೆಗೆ ಹೊರಟ. ಅಲ್ಲಿ ಮರದ ಮೇಲಿನ ಕಾವಲು ಅಟ್ಟಣೆಯಲ್ಲಿ ಚೀರುವಿನ ತಮ್ಮ ಮಾದನ್ ಇದ್ದ. ಡಬ್ಬ ಅವನಿಗೆ ತಲುಪಲಿಲ್ಲ. ಬೆಳಿಗ್ಗೆ ರಸ್ತೆಯ ಪಕ್ಕದ ಗದ್ದೆಯ ಬದುವಿನ ಕೆಳಗೆ ಚಾತನ್ ಸಿಕ್ಕಿದ.

"ಆನೆ ಇಳಿದ ಪಾಡ, ಗದ್ದೆ ನೋಡಿದ್ದೀಯಾ ಸಾರೇ? ಬಾಳೆ, ನೆಲ್ಲು ಎಲ್ಲಾ ಚಾಪೆ ಹಾಸಿದ ಹಾಗೆ ಇರ್ತದೆ. ಅಂದು ಒಂದು ನೆಲ್ಲು ಬಗ್ಗಿರಲಿಲ್ಲ. ಆನೆ ಏನು, ಗದ್ದೆಗೆ ನೋವಾಗಬಾರದು ಅಂತ ಕಾಲು ಎತ್ತಿ ಎತ್ತಿ ಬಂತಾ? ಮುದಲಾಳಿಗೆ ಹೇಳ್ದೆ, ಪೋಲೀಸಿಗೆ ಹೇಳ್ದೆ. ನಿನ್ನ ಹತ್ರ ಹೇಳಬೇಕಿತ್ತು. ನೀ ಹಾಡಿಗೆ ಬರಲೇ ಇಲ್ಲ. ಬಂಗಲೆಯಿಂದ ಹಾಗೇ ಹೋದೆ."

ಅದು ನಿಜ. ವಿಮಲನಾಥರ ಮನೆಯ ಜಗಲಿಯಲ್ಲಿ ಕೂತು ಬರೆದುಕೊಂಡಿದ್ದೆ.

"ಮಾದನ್ ಬಾಯಿ ಬಡ್ಕೊಂಡ, ಡಬ್ಬ ಬಂದಿಲ್ಲ, ಡಬ್ಬ ಬಂದಿಲ್ಲ ಅಂತ. ಡಬ್ಬ ಎಲ್ಲಿ ಅಂತ ಎಲ್ಲರೂ ಹುಡುಕಿದರು, ಸಿಗಲಿಲ್ಲ. ಆಮೇಲೆ ಚಾಯದಂಗಡಿಯಲ್ಲಿ ನಿನ್ನ ಪೇಪರ್ ಓದಿದರು. ಕಾವಲಿನವ ನಿದ್ದೆ ಮಾಡ್ದ ಅಂತ ಅಚ್ಚಾಗಿದೆ. ಅಚ್ಚಾದದ್ದು ಸುಳ್ಳಾಗುತ್ತಾ? ಅಕ್ಕನ ಗಂಡನ್ನ ಕೊಂದವ ಅಂತ ಹಾಡಿಯಿಂದ ಇಳಿಸಿದರು. ಚಾತನ್ ಕುಳಿಗೆ ಒಂದು ಹಿಡಿ ಮಣ್ಣು ಹಾಕಕ್ಕೂ ಬಿಡಲಿಲ್ಲ."

ಮಾದನ್ ಎಲ್ಲಿದ್ದಾನೆಂದು ಕೇಳಿದೆ.

"ನಿನ್ನ ಪನಮರಂನಲ್ಲೇ. ಮೀನು ಮಾರ್ಕೆಟ್ ಗುಡಿಸ್ತಾನೆ. ದಿನಾ ಕಂಡಿರ್ತೀಯ."

ಅವನು ಹಾಡಿಗೆ ಮರಳಲು ಏನಾಗಬೇಕೆಂದು ಕೇಳಿದೆ.

"ಹಾಡಿ ಯಜಮಾನ ಮೂಪ್ಪನ್ ಹೇಳ್ದ: ಪೇಪರಲ್ಲಿ ಹೋದ ಮಾನ ಪೇಪರಲ್ಲೇ ಬರಬೇಕು. ನಾ ಬಾಯಲ್ಲಿ ಹೇಳಿದ್ರೆ ತಮ್ಮನ ಮೇಲಿನ ಆಸೆಗೆ ಹೇಳ್ತಾಳೆ ಅಂತಾರೆ."

ಕರಿ ಚಾಯ ಕೊಟ್ಟಳು, ಸುಟ್ಟ ಗೆಣಸು ಕೊಟ್ಟಳು, ಮಾದನ್‌ಗೆಂದು ಒಂದು ಪೊಟ್ಟಣ ಕಟ್ಟಿಕೊಟ್ಟಳು. ತಿಂದು ಹೊರಟಾಗ ಕತ್ತಲಾಗಿತ್ತು.

ಫೆಬ್ರವರಿ 23, ಬುಧವಾರ

ಬರೆಯುವುದೇನೂ ಇಲ್ಲ. ಮೀನು ಮಾರ್ಕೆಟ್ಟಿನ ಮುಂದೆ ಎರಡು ಸಲ ಹಾದುಹೋದೆ.

ಫೆಬ್ರವರಿ 25, ಶುಕ್ರವಾರ

ಅಂದು ಕಾರು ಬಡಿದದ್ದು ಮನುಷ್ಯನಿಗೆ ಎಂದು ಜಿನಮತಿಗೆ ಮೊದಲಿನಿಂದಲೂ ಗೊತ್ತಿತ್ತು. ಹೇಳಿದವರು ಅವರೇ, ಮಧ್ಯಾಹ್ನ ಮೂರಕ್ಕೆ, ದೇವೇಂದ್ರನ ಎದುರಿಗೆ.

ನಾನು ಪುಸ್ತಕದ ಕೊನೆಯ ಪುಟ, ಬೆಸುಗೆ, ಡಬ್ಬ ಮೂರನ್ನೂ ಹೇಳಿದೆ. ರಾಜನ್ ಹೆಸರು ಹೇಳಲಿಲ್ಲ. ದೇವೇಂದ್ರ ಜಿಂಕೆ, ಜಿಂಕೆ ಎನ್ನುತ್ತಲೇ ಇದ್ದ. ಜಿನಮತಿ ಅವನ ಕಡೆ ಕೈ ಮಾಡಿ ಸುಮ್ಮನಾಗಿಸಿದರು.

"ಬೆಳಕಿತ್ತು, ವೃಷಭಾ. ಅವರು ಬೆಳಕಲ್ಲೇ ಬರ್ತಿದ್ರು. ಹೊತ್ತು ಮುಳುಗೋದರೊಳಗೆ ಮನೆ ಸೇರಬೇಕು ಅಂತ ಜೋರಾಗಿ ಬಂದ್ರು. ಒಂದು ಹುಳ ಸಾಯಬಾರದು ಅಂತಲ್ವಾ ಅವರ ವ್ರತ? ಇಳಿದು ನೋಡಿದಾಗ ಜೀವ ಹೋಗಿತ್ತಂತೆ. ಎಂಟು ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಸಾಯೋವರೆಗೆ ಉಪ್ಪು ತಿನ್ನಲಿಲ್ಲ. ಮುನಿಗಳ ಮುಂದೆ ನೆಲಕ್ಕೆ ಹಣೆ ಹಚ್ಚಿ ಎಲ್ಲಾ ಹೇಳಿದ್ರು. ಹೇಳಬೇಕಾದವರಿಗೆ ಹೇಳಿ ಆಗಿದೆ."

"ಚೀರುಗೆ?" ಎಂದೆ.

"ಚೀರು ಯಾರು?"

ಉತ್ತರ ಕೊಟ್ಟೆ. ಅವರು ಪುಸ್ತಕ ಕೇಳಿದರು. ಅದು ಅವರದು, ಕೊಟ್ಟೆ. ಬಟ್ಟೆಯಲ್ಲಿ ಸುತ್ತಿ ಒಳಗೆ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿನಲ್ಲಿ ಹಿತ್ತಲಿನ ನೀರೊಲೆಯ ಕಡೆಯಿಂದ ಕಾಗದ ಸುಟ್ಟ ವಾಸನೆ ಬಂತು. ದೇವೇಂದ್ರ ನನ್ನನ್ನು ಗೇಟಿನವರೆಗೆ ಬಿಡಲು ಬಂದ.

"ನಿಮ್ಮ ಸುದ್ದಿಗೆ ಅಪ್ಪ ಬೇಕಿತ್ತು, ಅವತ್ತು ಬಂದ್ರಿ. ಈಗ ಅಪ್ಪನೇ ಸುದ್ದಿ ಆಗಬೇಕಾ? ಸುಮತಿ ಅಕ್ಕನಿಗೆ ಈ ಮನೆಗೆ ಬರೋ ದಾರಿ ಇರಲಿ ವೃಷಭಣ್ಣ."

ಸುಮತಿಗೆ ಎಲ್ಲವನ್ನೂ ಹೇಳಿದೆ. ಅವಳು "ಊಟ ಆರಿ ಹೋಯ್ತು" ಎಂದಳು. ಬಿಸಿ ಮಾಡಿ ಬಡಿಸಿದಳು.

ಫೆಬ್ರವರಿ 27, ಭಾನುವಾರ

ಆನೆ ಬಂದಿತ್ತು ಎಂದು ಮಾದನ್ ಹೇಳುತ್ತಾನೆ.

ಮಾರ್ಕೆಟ್ ಮುಚ್ಚಿದ ಮೇಲೆ, ನೀರು ಹೊಯ್ದು ಕಲ್ಲು ತೊಳೆಯುತ್ತಿದ್ದಾಗ ಹೋದೆ. ನಲವತ್ತಿರಬಹುದು, ಅರವತ್ತರವನಂತೆ ಕಾಣುತ್ತಾನೆ. ಮುಖ ನನಗೆ ಗೊತ್ತಿರುವ ಮುಖವೇ. ಪೊರಕೆ ಕೆಳಗಿಡದೆ ಕೇಳಿದ.

"ಒಂಟಿ ಸಲಗ ಸಾರೇ. ಬಲಗೊಂಬು ಗಿಡ್ಡ. ಚಾತನ್ ಬಾವ ಕಿರುಚಿದ. ಡಬ್ಬ ನನ್ನ ತೊಡೆ ಮೇಲಿತ್ತು. ನಿದ್ದೆ. ಕೈ ಏಳಲಿಲ್ಲ."

"ಡಬ್ಬ ನಿನ್ನ ಹತ್ತಿರ ಇರಲಿಲ್ಲ ಮಾದನ್. ನೀನೇ ಅಂದು ಹಾಗೆ ಹೇಳಿದ್ದೆ. ಅದು ಕಾರಿನ ದೀಪದ ಗೂಡಲ್ಲಿತ್ತು. ಆನೆ ಬಂದಿರಲಿಲ್ಲ."

"ಇತ್ತು ಸಾರೇ."

"ನೀನು ನಿದ್ದೆ ಮಾಡಿರಲಿಲ್ಲ. ಆಗ ಇನ್ನೂ ಹಗಲು."

ನೀರಿನ ಬಕೆಟ್ಟನ್ನು ಕಾಲಿಂದ ಆಚೆ ತಳ್ಳಿದ. ದನಿ ಏರಿಸಿದ್ದು ಆಗ ಮಾತ್ರ. "ಡಬ್ಬ ವಂಡಿಯಲ್ಲಿದ್ದರೆ ನಾ ಹನ್ನೊಂದು ಕೊಲ್ಲ ಇಲ್ಲಿ ಮೀನು ನೀರು ತೊಳ್ದದ್ದು ಎಂತಕ್ಕೆ? ಹೇಳು. ನನ್ನ ಹೆಣ್ಣು ಬಿಟ್ಟು ಹೋದದ್ದು ಎಂತಕ್ಕೆ?"

ಮತ್ತೆ ಪೊರಕೆ ಆಡಿಸತೊಡಗಿದ.

"ಆನೆಯೇ ಇರ್ಲಿ ಸಾರೇ. ನನಗೆ ಅದರ ಕೊಂಬು ಗೊತ್ತು, ಕಿವಿ ಗೊತ್ತು. ನೀ ಹೋಗು. ಇಲ್ಲಿ ಜಾರ್ತದೆ, ನೋಡಿ ನಡೆ."

ಚೀರು ಕಳಿಸಿದ ಗೆಣಸಿನ ಪೊಟ್ಟಣ ಕಲ್ಲಿನ ಮೇಲಿಟ್ಟು ಬಂದೆ.

ಫೆಬ್ರವರಿ 28, ಸೋಮವಾರ

ವರದಿ ಕೊಟ್ಟೆ. ನಾಲ್ಕು ಪುಟ. ಮೊದಲ ಸಾಲು ಹೀಗೆ: "ಈ ಕಾರು 1971 ನವೆಂಬರ್ 18ರ ಸಂಜೆ 5.25ರ ನಂತರ, ಸೂರ್ಯಾಸ್ತಕ್ಕೆ ಮೊದಲು, ಚಾತನ್ ಎಂಬವನಿಗೆ ಬಡಿಯಿತು. ತಿಳಿಸಿದವರು ಆತನ ಪತ್ನಿ ಚೀರು ಮತ್ತು ಕಾರಿನ ಮಾಲೀಕರ ಪತ್ನಿ ಜಿನಮತಿ." ಸ್ಟಿಯರಿಂಗ್ ಎಡಗಡೆ ಇರುವುದರಿಂದ ಬಡಿದದ್ದು ಚಾಲಕ ಕೂತ ಬದಿಗೇ ಎಂಬುದನ್ನೂ ಬರೆದೆ. ಉಳಿದದ್ದು ಬೆಸುಗೆ, ತಗಡು, ದೀಪ.

ಬಾಲಕೃಷ್ಣನ್ ಮೊದಲ ಪುಟ ಓದಿ ಮಡಚಿದರು. "ನಾನು ಕೇಳಿದ್ದು ಇದಲ್ಲ ಸಾರ್" ಎಂದರು. ಬೇರೊಬ್ಬ ಪರಿಶೀಲಕರು ಕಳೆದ ವಾರವೇ ಬಂದು ಕಾರು ನೋಡಿ ಹೋಗಿದ್ದಾರಂತೆ. "ಎಡಭಾಗದಲ್ಲಿ ಹಳೆಯ ಸಣ್ಣ ರಿಪೇರಿ" ಎಂದು ಬರೆದುಕೊಟ್ಟಿದ್ದಾರೆ. ನನ್ನ ನಾಲ್ಕು ಪುಟ ವಾಪಸು ಬಂದಿದೆ.

ಮಾರ್ಚ್ 2, ಬುಧವಾರ

ತಿದ್ದುಪಡಿ ಪ್ರಕಟವಾಗುವುದಿಲ್ಲ. ತಿಳಿಸಿದವರು ಪತ್ರಿಕೆಯ ಸುದ್ದಿ ಸಂಪಾದಕರು, ಫೋನಿನಲ್ಲಿ.

"ಹನ್ನೊಂದು ವರ್ಷದ ಹಿಂದಿನ ಸುದ್ದಿಗೆ ತಿದ್ದುಪಡಿ? ಪೊಲೀಸ್ ದಾಖಲೆ ಇದೆಯೇ?"

"ಠಾಣೆಯಲ್ಲಿರುವ ಅಂದಿನ ದಾಖಲೆಯ ಪ್ರತಿಯಲ್ಲಿ ಆನೆ ಎಂದಿದೆ."

"ಯಾರ ಹೇಳಿಕೆ ಮೇಲೆ?"

"ವಿಮಲನಾಥರದ್ದು. ಮತ್ತು ನನ್ನ ಸುದ್ದಿಯ ತುಣುಕು ಲಗತ್ತಿಸಿದ್ದಾರೆ."

 ಪೊಲೀಸರು ಹೊಸದಾಗಿ ಕೇಸು ಬರೆದುಕೊಂಡರೆ ಆ ಸುದ್ದಿ ಹಾಕಬಹುದು, ಅದರಲ್ಲಿ ಮಾದನ್ ವಿಷಯವೂ ಬರಬಹುದು ಎಂದರು. ಸಾಕ್ಷಿ ಏನಿದೆ ಎಂದು ಕೇಳಿದರು. ಪುಸ್ತಕ ಸುಟ್ಟುಹೋಯಿತು. ರಿಪೇರಿ ಮಾಡಿದವನು ಇಲ್ಲವೆನ್ನುತ್ತಾನೆ. ಜಿನಮತಿ ಮತ್ತೊಮ್ಮೆ ಹೇಳುವವರಲ್ಲ. ಕಾವಲಿನವನು ಆನೆ ಎನ್ನುತ್ತಾನೆ. ಉಳಿದದ್ದು ಕಾರು ಎಂದೆ.

"ಹಾಗಾದರೆ ಕಾರು ಇರುವಾಗಲೇ ತೋರಿಸಿ" ಎಂದರು.

ಮಾರ್ಚ್ 3, ಗುರುವಾರ

ಹಾಡಿಗೆ ಹೋಗಿ ಮಾದನ್ ಹೇಳಿದ್ದನ್ನು ಚೀರುಗೆ ತಿಳಿಸಿದೆ. ಮುಚ್ಚಿಡಬಹುದಿತ್ತು.

ಬಹಳ ಹೊತ್ತು ಒಲೆ ಊದಿದಳು. "ಅವ ಸುಳ್ಳು ಹೇಳ್ತಿಲ್ಲ ಸಾರೇ. ಒಬ್ಬನೇ ಕೂತು ಕೂತು ಆನೆ ಸಾಕಿದ್ದಾನೆ" ಎಂದಳು. ಆಮೇಲೆ, "ಅವ ಬರದಿದ್ರೆ ಬೇಡ. ಬರಬಹುದು ಅಂತ ಅಚ್ಚಾಗಲಿ."

ಪೊಲೀಸರ ಮುಂದೆ ಹೇಳಲು ಬರುತ್ತೀಯಾ ಎಂದು ಕೇಳಿದೆ.

"ಅಂದೇ ಹೇಳಿದ್ದೆ. ಈಗ ನೀ ಪಕ್ಕದಲ್ಲಿ ನಿಲ್ತೀಯಾ, ಜಗಲೀಲಿ ಕೂರ್ತೀಯಾ?"

ನಿಲ್ಲುತ್ತೇನೆ ಎಂದೆ.

ಮಾರ್ಚ್ 4, ಶುಕ್ರವಾರ

ಕಾರು ಕೊಯಮತ್ತೂರಿಗೆ ಭಾನುವಾರ ಹೊರಡುತ್ತದೆ. ತಿಳಿಸಿದ್ದು ಸುಮತಿ. ಜಿನಮತಿಯವರ ಮನೆಗೆ ಅವಳೇ ಹೋಗಿ ಕೇಳಿಕೊಂಡು ಬಂದಳು. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರಂತೆ.

ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ. ನನ್ನ ನಾಲ್ಕು ಪುಟದ ವರದಿ, ಹಳೆಯ ಸುದ್ದಿಯ ತುಣುಕು, ಬೆಸುಗೆಯ ಆರು ಫೋಟೋ ಲಗತ್ತಿಸಿದೆ. ದೂರಿನಲ್ಲಿ ಮೂರನೇ ಸಾಲು ನನ್ನ ಬಗ್ಗೆ: ಸತ್ಯ ವಿಚಾರಿಸದೆ ಸುಳ್ಳು ಸುದ್ದಿ ಕಳುಹಿಸಿದವನು. ಇನ್‌ಸ್ಪೆಕ್ಟರ್ ಅದನ್ನು ಓದಿ "ಇದು ಬೇಕಾ?" ಎಂದರು. ಇರಲಿ ಎಂದೆ.

ಕಾರನ್ನು ತಡೆಹಿಡಿಯಲು ಕೇಳಿದೆ. ಕೇಸು ದಾಖಲಾಗದೆ ತಡೆಯಲಾಗದು, ಹೇಳಿಕೆ ಪಡೆಯದೆ ಕೇಸು ದಾಖಲಿಸಲಾಗದು, 1971ರ ಮೂಲ ಫೈಲು ನಾವು ಮೊದಲು ಸೇರಿದ್ದ ಹಳೆಯ ಜಿಲ್ಲೆಯಿಂದ ಇನ್ನೂ ಬಂದಿಲ್ಲ, ನಾಳೆ ಮತ್ತು ನಾಡಿದ್ದು ಅವರು ಬಂದೋಬಸ್ತಿಗೆ ಹೋಗಬೇಕು ಎಂದರು. ದೂರಿಗೆ ಸ್ವೀಕೃತಿ ಕೊಟ್ಟಿದ್ದಾರೆ.

ಕಾರು ಒಯ್ಯುವ ಲಾರಿ ಭಾನುವಾರ ಬೆಳಿಗ್ಗೆ ಏಳಕ್ಕೆ. ಚೀರುವಿನ ಮತ್ತು ನನ್ನ ಹೇಳಿಕೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ.